ಸೀಸನ್‌ಗೆ ಮುಂಚಿನ ಏಳು ವಾರ: ಬಾತುಗಳ ಜಾಗ ಹುಡುಕಿದ ಲೆಕ್ಕ

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಈ ಸಲ ಬಾತು ಬೇಟೆಯ ಸೀಸನ್ ಶುರುವಾಗಿದ್ದು ಸೆಪ್ಟೆಂಬರ್ 21, ಶನಿವಾರ. ನಾನು ಜಾಗ ಹುಡುಕೋಕೆ ಹೊರಟಿದ್ದು ಆಗಸ್ಟ್ 3ಕ್ಕೆ. ನಡುವೆ ಏಳು ವಾರ. ಆ ಏಳರಲ್ಲಿ ಮೂರು ವಾರ ಪೂರ್ತಿ ದಂಡ ಹೋಯಿತು. ಯಾಕೆ ಹೋಯಿತು ಅನ್ನೋದನ್ನೂ ಬರೆದಿಡುತ್ತೇನೆ. ಮುಂದಿನ ವರ್ಷ ನನಗೇ ಬೇಕಾಗುತ್ತದೆ.

ಊರಿನವರು ಓದಿದರೆ ಗಾಬರಿ ಆಗಬಾರದು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬಾತು ಹೊಡೆಯೋದು ಅಪರಾಧ. ಇಲ್ಲಿ ಲೈಸೆನ್ಸ್ ಇದೆ, ದಿನಕ್ಕೆ 6 ಬಾತು ಅಂತ ಮಿತಿ ಇದೆ, ಅದರೊಳಗೆ ಜಾತಿಗೊಂದು ಮಿತಿ ಬೇರೆ. ಬಂದೂಕಿನಲ್ಲಿ ಮೂರಕ್ಕಿಂತ ಜಾಸ್ತಿ ತೋಟಾ ಹಿಡಿಸಬಾರದು. 1991ರಿಂದ ಇಡೀ ದೇಶದಲ್ಲಿ ಬಾತು ಬೇಟೆಗೆ ಸೀಸದ ಗುಂಡೂ ನಿಷೇಧ, ಉಕ್ಕಿನದ್ದೋ ಬೇರೆ ವಿಷವಲ್ಲದ್ದೋ ಆಗಬೇಕು. ರಾಜ್ಯದ ಸಣ್ಣ ಪ್ರಾಣಿ-ಪಕ್ಷಿ ಬೇಟೆಯ ಲೈಸೆನ್ಸ್ 22 ಡಾಲರ್, ಅದರ ಜೊತೆ ಕೊಳ್ಳಬೇಕಾದ ರಾಜ್ಯದ ನೀರುಹಕ್ಕಿ ಸ್ಟಾಂಪ್ 7.50, ಕೇಂದ್ರ ಸರ್ಕಾರದ ಡಕ್ ಸ್ಟಾಂಪ್ 25. ಒಟ್ಟು 54.50. ಈ ಡಕ್ ಸ್ಟಾಂಪ್ 1934ರಿಂದ ಇದೆ. ಅದರ ದುಡ್ಡಿನಿಂದಲೇ ಸರ್ಕಾರ ಸಣ್ಣ ಸಣ್ಣ ಜವುಗು ಕೆರೆಗಳನ್ನು ಕೊಂಡು ಬಾತುಗಳಿಗೆ ಬಿಟ್ಟಿದೆ. ಅವಕ್ಕೆ ಇಲ್ಲಿ ಡಬ್ಲ್ಯೂಪಿಎ (ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾ) ಅನ್ನುತ್ತಾರೆ. ಹಾರುವ ಹೆಬ್ಬಾತಿನ ಚಿತ್ರದ ಬೋರ್ಡ್ ಇರುತ್ತದೆ. ಯಾರು ಬೇಕಾದರೂ ನಡೆದು ಒಳಗೆ ಹೋಗಬಹುದು. ನಾನು ಹುಡುಕಿದ್ದೆಲ್ಲ ಇಂಥ ಜಾಗಗಳೇ.

ಕೆರೆಗಳ ಹೆಸರು ಮಾತ್ರ ಹೇಳಲ್ಲ. ವಿಲ್ಮರ್ ಊರಿನ ಸುತ್ತಮುತ್ತ ಅಂದುಕೊಳ್ಳಿ, ಅಷ್ಟು ಸಾಕು. ಪಕ್ಕದ ಮನೆಯ ಹಿರಿಯರು ನಲವತ್ತು ವರ್ಷ ಬೇಟೆ ಆಡಿದವರು, ಈಗ ಮೊಣಕಾಲು ಕೈಕೊಟ್ಟಿದೆ. ತಮ್ಮ ಕೆನೂ ದೋಣಿ ಕೊಟ್ಟರು, ಹುಟ್ಟು ಕೊಟ್ಟರು, ಲೈಫ್ ಜಾಕೆಟ್ ಕೊಟ್ಟರು. ಜಾಗ ಮಾತ್ರ ಹೇಳಲಿಲ್ಲ!

ಹಂತ 1. ಆಗಸ್ಟ್ 3, ಊಟದ ಟೇಬಲ್ ಮೇಲೆ

ಲ್ಯಾಪ್‌ಟಾಪ್, ಉಪಗ್ರಹ ಚಿತ್ರ, ಸರ್ಕಾರಿ ಜಮೀನಿನ ಗಡಿ ತೋರಿಸುವ ಆ್ಯಪ್, ಒಂದು ನೋಟ್‌ಬುಕ್. ಸಂಜೆ ಆರಕ್ಕೆ ಕೂತವನು ಹನ್ನೊಂದಕ್ಕೆ ಎದ್ದೆ. ನಕ್ಷೆ ಮೇಲೆ 14 ಗುರುತು ಬಿದ್ದಿದ್ದವು.

ಅದರಲ್ಲಿ ಡಾಂಬರು ರಸ್ತೆ ಪಕ್ಕದಲ್ಲೇ ಇದ್ದದ್ದನ್ನು ತೆಗೆದೆ, ಅಲ್ಲಿ ಜನ ತುಂಬುತ್ತಾರೆ. ಮೋಟಾರ್ ದೋಣಿ ಇಳಿಸೋಕೆ ದಾರಿ ಇದ್ದದ್ದನ್ನೂ ತೆಗೆದೆ. ಪಾರ್ಕಿಂಗ್‌ನಿಂದ ಕಾಲು ಮೈಲಿಯಾದರೂ ನಡೆಯಬೇಕು, ಆದರೆ ಮುಕ್ಕಾಲು ಮೈಲಿ ಮೀರಬಾರದು. ಕೆನೂ ಎಳೆಯೋನು ನಾನೊಬ್ಬನೇ ಅಲ್ವಾ? ಕೊನೆಗೆ 6 ಉಳಿದವು. ನಂಬರ್ ಹಾಕಿ ಪ್ರಿಂಟ್ ತೆಗೆದೆ.

ತಪ್ಪು: ಚಿತ್ರ ಯಾವ ವರ್ಷದ್ದು ಅಂತ ನೋಡಲೇ ಇಲ್ಲ. ಎರಡನೇ ನಂಬರ್ ಚಿತ್ರದಲ್ಲಿ ನೀಲಿ ನೀರು, ಹೋಗಿ ನೋಡಿದರೆ ಜೊಂಡಿನ ಕಾಡು. ಹಕ್ಕಿ ಇಳಿಯೋಕೆ ತಟ್ಟೆಯಗಲದ ನೀರೂ ಇರಲಿಲ್ಲ.

ಹಂತ 2. ಆಗಸ್ಟ್ 10, ಮೊದಲ ಸುತ್ತು

ಬೆಳಿಗ್ಗೆ ಆರಾಮಾಗಿ ತಿಂಡಿ ತಿಂದು ಒಂಬತ್ತಕ್ಕೆ ಹೊರಟೆ. ಹೆದ್ದಾರಿ 12 ಹಿಡಿದು ಪಶ್ಚಿಮಕ್ಕೆ. ಮೊದಲ ಕೆರೆ ಮುಟ್ಟಿದಾಗ ಹನ್ನೊಂದೂವರೆ, ಆರನೆಯದು ಮುಗಿಯುವಾಗ ಮೂರೂವರೆ. ಹೋಗಿ ಬಂದದ್ದು ಸೇರಿ 226 ಮೈಲಿ, ಪೆಟ್ರೋಲ್ 29 ಡಾಲರ್.

ಕಂಡ ಬಾತುಗಳು: 11. ಆರು ಕೆರೆಗೆ ಸೇರಿ ಹನ್ನೊಂದು!

ಆ ಹನ್ನೊಂದರಲ್ಲೂ ಯಾವುದು ಯಾವ ಜಾತಿ ಅಂತ ಗೊತ್ತಾಗಲಿಲ್ಲ. ಪುಸ್ತಕದಲ್ಲಿ ಮಲ್ಲಾರ್ಡ್ ಗಂಡಿಗೆ ಹೊಳೆಯುವ ಹಸಿರು ತಲೆ. ಆಗಸ್ಟ್‌ನಲ್ಲಿ ಅದು ಗರಿ ಉದುರಿಸಿಕೊಂಡು ಹೆಣ್ಣಿನ ಹಾಗೇ ಕಂದಾಗಿರುತ್ತದೆ. ಹೊಸ ರೆಕ್ಕೆಗರಿ ಬರುವ ತನಕ ಹಾರೋಕೂ ಆಗಲ್ಲ, ಜೊಂಡಿನೊಳಗೆ ಅಡಗಿ ಕೂತಿರುತ್ತದೆ. ಇದು ನನಗೆ ಗೊತ್ತಿರಲಿಲ್ಲ. "ಇಲ್ಲಿ ಹಕ್ಕಿ ಇಲ್ಲ" ಅಂತ ಬರೆದು ನಾಲ್ಕನೇ ನಂಬರ್ ಹೊಡೆದುಹಾಕಿದೆ. ಅದನ್ನು ಆಮೇಲೆ ವಾಪಸ್ ಸೇರಿಸಿಕೊಳ್ಳಬೇಕಾಯಿತು.

ಹಂತ 3. ಆಗಸ್ಟ್ 12ರಿಂದ 15, ಕೆಸರು ಕೋಲು

ಈ ಜವುಗು ಕೆರೆಗಳಲ್ಲಿ ನೀರು ಎರಡಡಿ ಇದ್ದರೆ ಅದರ ಕೆಳಗೆ ಕೆಸರು ಮೂರಡಿ ಇರಬಹುದು. ಮೇಲಿಂದ ನೋಡಿದರೆ ತಿಳಿಯಲ್ಲ. ಅದಕ್ಕೆ ಅಳೆಯೋ ಕೋಲು ಮಾಡಲು ಕೂತೆ. ಒಂದು ತುದಿಗೆ ಅಗಲವಾದ ಬಿಲ್ಲೆ, ಇನ್ನೊಂದು ತುದಿ ಬೋಳು. ಬಿಲ್ಲೆ ಇಳಿಸಿದರೆ ಅದು ಕೆಸರಿನ ಮೇಲೆ ಕೂರುತ್ತದೆ, ನೀರಿನ ಆಳ ಸಿಗುತ್ತದೆ. ತಿರುಗಿಸಿ ಬೋಳು ತುದಿಯನ್ನು ಗಟ್ಟಿ ನೆಲ ಸಿಗುವವರೆಗೆ ಒತ್ತಿದರೆ ಒಟ್ಟು ಆಳ. ಎರಡನ್ನೂ ಕಳೆದರೆ ಕೆಸರು ಎಷ್ಟು ಅಂತ ಬರುತ್ತದೆ.

ಮೊದಲ ಕೋಲು: ಮುಕ್ಕಾಲು ಇಂಚಿನ ಪಿವಿಸಿ ಪೈಪು, 10 ಅಡಿ, 5 ಡಾಲರ್. ಮನೆ ಹತ್ತಿರದ ಕೊಳದಲ್ಲಿ ಪರೀಕ್ಷೆ ಮಾಡಿದೆ. ಎರಡೂ ಕಡೆ ಮುಚ್ಚಳ ಹಾಕಿದ್ದೆ. ಒಳಗೆ ಗಾಳಿ ತುಂಬಿ ಪೈಪು ಮೇಲಕ್ಕೆ ಪುಟಿಯುತ್ತಿತ್ತು, ಬಿಲ್ಲೆ ಕೂರಲೇ ಇಲ್ಲ. ಮುಚ್ಚಳ ತೆಗೆದೆ. ಈಗ ಕೆಸರು ಒಳಗೆ ಹೊಕ್ಕಿತು. ಕೋಲು ಎತ್ತಿ ಹಿಡಿದಾಗ ಮೇಲಿನ ತೂತಿನಿಂದ ಜಾರಿ ನೇರ ತೋಳಿನೊಳಗೆ ಬಂತು. ಮೇಲಾಗಿ ಒತ್ತಿದರೆ ಗಾಳದ ಕೋಲಿನ ಹಾಗೆ ಬಾಗುತ್ತಿತ್ತು. ಈ ಕೋಲು ಈಗ ತೊಂಡೆ ಬಳ್ಳಿಗೆ ಆಸರೆಯಾಗಿದೆ.

ಎರಡನೇ ಕೋಲು: ಬಟ್ಟೆ ತೂಗುಹಾಕುವ ಬೀರುವಿಗೆ ಹಾಕ್ತಾರಲ್ಲ, ಆ ಮರದ ಉರುಟು ಸರಳು. ಒಂದೂಕಾಲು ಇಂಚು ದಪ್ಪ, 8 ಅಡಿ, 16 ಡಾಲರ್. ಮನೆಯಲ್ಲಿದ್ದ ಅರ್ಧ ಇಂಚಿನ ಪ್ಲೈವುಡ್ ತುಂಡಿನಿಂದ 6 ಇಂಚಿನ ಬಿಲ್ಲೆ ಕತ್ತರಿಸಿ, ನಡುವೆ ಬೋಲ್ಟ್ ಹಾಕಿ ನಟ್ ಬಿಗಿದೆ. ಮಾರ್ಕರ್‌ನಲ್ಲಿ ಇಂಚು ಗುರುತು ಹಾಕಿದ್ದು ಎರಡನೇ ಮುಳುಗಿಗೇ ಅಳಿಸಿಹೋಯಿತು. ಆಮೇಲೆ ಗರಗಸದಲ್ಲಿ ಕಚ್ಚು ಮಾಡಿದೆ. ಅರ್ಧ ಅಡಿಗೆ ಸಣ್ಣ ಕಚ್ಚು, ಒಂದಡಿಗೆ ದೊಡ್ಡದು, ಮೂರಡಿಗೆ ಜೋಡಿ ಕಚ್ಚು. ಇದು ಸುಮ್ನೆ ಹೊಳೆದದ್ದು, ಆದರೆ ಇಡೀ ಏಳು ವಾರದಲ್ಲಿ ನಾನು ಮಾಡಿದ ಒಳ್ಳೆ ಕೆಲಸ ಇದೊಂದೇ. ಕತ್ತಲಲ್ಲಿ ಟಾರ್ಚ್ ಬೇಡ. ಹೆಬ್ಬೆರಳು ಸವರಿಕೊಂಡು ಬಂದರೆ ಆಳ ಗೊತ್ತಾಗುತ್ತದೆ. ಕೈಜಾರಿ ನೀರಿಗೆ ಬಿದ್ದರೂ ಕೋಲು ತೇಲುತ್ತದೆ.

ಹಂತ 4. ಆಗಸ್ಟ್ 17, ಅಳತೆ ಮತ್ತು ಒದ್ದೆ ಚಡ್ಡಿ

ವೇಡರ್ಸ್ ಅಂದರೆ ಎದೆವರೆಗೆ ಬರುವ ರಬ್ಬರ್ ಪ್ಯಾಂಟು, ಕೆಳಗೆ ಬೂಟು ಅಂಟಿಕೊಂಡಿರುತ್ತದೆ. ಹಳೇದು ಸಿಕ್ಕಿತು ಅಂತ 40 ಡಾಲರ್‌ಗೆ ತಂದಿದ್ದೆ. ಒಂದನೇ ನಂಬರ್ ಕೆರೆಗೆ ಇಳಿದು ಹತ್ತು ನಿಮಿಷಕ್ಕೆ ಎಡಗಾಲು ತಣ್ಣಗಾಯಿತು. ಇಪ್ಪತ್ತು ನಿಮಿಷಕ್ಕೆ ಬೂಟಿನೊಳಗೆ ಪಚಕ್ ಪಚಕ್. ಆದರೂ ಅಳತೆ ಮುಗಿಸಿದೆ.

ಒಂದನೇ ನಂಬರ್: ನೀರು 34 ಇಂಚು, ಕೆಸರು 10. ನಡೆಯಬಹುದು.
ಮೂರನೇ ನಂಬರ್: ನೀರು 22, ಕೆಸರು 8. ಸೊಗಸು.
ನಾಲ್ಕನೇ ನಂಬರ್: ನೀರು 26, ಕೆಸರು 14. ನಿಧಾನಕ್ಕೆ.
ಐದನೇ ನಂಬರ್: ನೀರು 19. ಕೆಸರು? ಕೋಲು ಎಂಟಡಿಯೂ ಒಳಗೆ ಹೋಗೋ ಹಾಗಿತ್ತು, ಬಿಟ್ಟುಬಿಟ್ಟೆ.
ಆರನೇ ನಂಬರ್: ಅಂಚಿನಲ್ಲೇ ನೀರು 7 ಇಂಚು, ಬೇಡ.

ಐದನೇ ನಂಬರಿನಲ್ಲಿ ಕೋಲು ಹಾಕುವ ಮುಂಚೆ ಕಾಲು ಹಾಕಿದೆ. ಅಳೆಯೋ ಕೋಲು ಕೈಯಲ್ಲೇ ಇತ್ತು ನೋಡಿ! ಬಲಗಾಲು ತೊಡೆವರೆಗೆ ಹೋಯಿತು. ಎಳೆದಷ್ಟೂ ಎಡಗಾಲು ಇಳಿಯುತ್ತಿತ್ತು. ಕೆನೂ ಹಗ್ಗ ಸೊಂಟಕ್ಕೆ ಕಟ್ಟಿಕೊಂಡಿದ್ದೆ, ಅದೇ ಉಳಿಸಿತು. ದೋಣಿ ಹತ್ತಿರ ಎಳೆದುಕೊಂಡು, ಅದರ ಅಂಚಿನ ಮೇಲೆ ಹೊಟ್ಟೆ ಹಾಕಿ ಮಲಗಿ, ಕಾಲನ್ನು ಇಂಚಿಂಚೇ ಬಿಡಿಸಿಕೊಂಡೆ. ಹದಿನೈದು ನಿಮಿಷ ಹಿಡಿಯಿತು. ಒಬ್ಬನೇ ಹೋಗಿದ್ದೆ, ಎಲ್ಲಿಗೆ ಹೋಗ್ತೀನಿ ಅಂತ ಮನೆಯಲ್ಲಿ ಸರಿಯಾಗಿ ಹೇಳಿರಲಿಲ್ಲ. ಇದನ್ನು ಹೆಂಡತಿಗೆ ಹೇಳಿದ್ದು ಎರಡು ವಾರ ಆದ ಮೇಲೆ.

ವೇಡರ್ಸ್ ರಿಪೇರಿ: ರಾತ್ರಿ ಬಚ್ಚಲಮನೆ ದೀಪ ಆರಿಸಿ, ವೇಡರ್ಸ್ ಒಳಗೆ ಟಾರ್ಚ್ ಬಿಟ್ಟೆ. ಎಡಗಾಲಿನ ಹೊಲಿಗೆ ಉದ್ದಕ್ಕೆ ಮೂರು ಚುಕ್ಕಿ ಬೆಳಕು, ಮೊಣಕಾಲ ಹತ್ತಿರ ಒಂದು. ನಕ್ಷತ್ರದ ಹಾಗೆ ಚೆನ್ನಾಗೇ ಕಂಡವು. ಸುತ್ತ ಸ್ಪಿರಿಟ್‌ನಲ್ಲಿ ಒರೆಸಿ, ವೇಡರ್ಸ್‌ಗೇ ಅಂತ ಸಿಗುವ ಅಂಟು ಹಚ್ಚಿ 24 ಗಂಟೆ ಒಣಗಲು ಬಿಟ್ಟೆ. ಅಂಟಿಗೆ 9 ಡಾಲರ್. ಮೊದಲ ಸಲ ತೆಳ್ಳಗೆ ಹಚ್ಚಿದ್ದು ನಿಲ್ಲಲಿಲ್ಲ. ಎರಡನೇ ಸಲ ತೂತಿನ ಸುತ್ತ ಅರ್ಧ ಇಂಚು ಅಗಲ, ದಪ್ಪಗೆ ಹಚ್ಚಿದೆ. ಅದು ಇವತ್ತಿಗೂ ಹಿಡಿದಿದೆ.

ಆಗಸ್ಟ್ 18, ಅಪ್ಪನ ಫೋನು

ಇದಕ್ಕೆ ಹಂತ ಅಂತ ನಂಬರ್ ಹಾಕಿಲ್ಲ, ಆದರೆ ಕೆಲಸ ದಾರಿಗೆ ಬಂದದ್ದು ಇಲ್ಲಿಂದಲೇ. ನಮ್ಮೂರು ಲಕ್ಷ್ಮೇಶ್ವರದ ಹತ್ತಿರ. ಮಾಗಡಿ ಕೆರೆ ಪಕ್ಕದಲ್ಲೇ. ಗದಗ ಕಡೆಯ ಮಾಗಡಿ, ಬೆಂಗಳೂರಿನವರ ಮಾಗಡಿ ಅಲ್ಲ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುವ ಕೆರೆ ಅದು. ಬಂದೂಕಿನ ಮಾತು ಎತ್ತಿದರೆ ಅಪ್ಪ ಫೋನನ್ನು ಅವ್ವನ ಕೈಗೆ ಕೊಟ್ಟುಬಿಡುತ್ತಾರೆ. ಹಾಗಾಗಿ "ಹಕ್ಕಿ ನೋಡೋಕೆ ಹೋಗಿದ್ದೆ, ಸಿಗಲಿಲ್ಲ" ಅಂತಷ್ಟೇ ಹೇಳಿದೆ.

"ಎಷ್ಟೊತ್ತಿಗೆ ಹೋಗಿದ್ದಿ?"

"ಮಧ್ಯಾಹ್ನ."

"ಮಧ್ಯಾಹ್ನಕ್ಕ ಹಕ್ಕಿ ಏನ್ ಮಾಡ್ತಾವೋ ತಮ್ಮಾ? ಉಂಡು ಮಲಗಿರ್ತಾವ. ನಮ್ಮ ಶೇಂಗಾ ಹೊಲಕ್ಕ ಹೆಬ್ಬಾತು ಬರೂದು ಯಾವಾಗ, ಮರತಿಯೇನು?"

ಮರೆತಿದ್ದೆ. ಸಣ್ಣವನಿದ್ದಾಗ ಡಬ್ಬ ಬಡಿದು ಓಡಿಸಿದ್ದು ನಾನೇ. ಹಗಲೆಲ್ಲ ಕೆರೆಯಲ್ಲಿ ತೇಲಿಕೊಂಡಿರುತ್ತಿದ್ದವು. ಹೊತ್ತು ಮುಳುಗುವಾಗ ಎದ್ದು ಸಾಲುಗಟ್ಟಿ ಹೊಲಕ್ಕೆ ಬರುತ್ತಿದ್ದವು. ಯಾವ ಹೊಲಕ್ಕೆ ಇಳಿಯುತ್ತವೆ ಅಂತ ಅವು ಕೆರೆ ಬಿಟ್ಟ ದಿಕ್ಕು ನೋಡಿಯೇ ಹೇಳುತ್ತಿದ್ದೆವು. ಇಲ್ಲಿ ಬಂದು ಉಪಗ್ರಹ ಚಿತ್ರ ನೋಡುತ್ತಾ ಕೂತು, ಬರೀ ನೀರು ಹುಡುಕಿದ್ದೆ. ಹೊಲದ ಕಡೆ ತಿರುಗಿಯೂ ನೋಡಿರಲಿಲ್ಲ.

ಹಂತ 5. ಆಗಸ್ಟ್ 24, ಸಂಜೆ

ಈ ಸಲ ನೀರಿಗೆ ಇಳಿಯಲೇ ಇಲ್ಲ. ಒಂದನೇ ನಂಬರ್ ಕೆರೆಯಿಂದ ಅರ್ಧ ಮೈಲಿ ದೂರದ ಮಣ್ಣು ರಸ್ತೆಯ ದಿಬ್ಬದಲ್ಲಿ ಕಾರು ನಿಲ್ಲಿಸಿ, ಕಿಟಕಿಗೆ 8x42 ದುರ್ಬೀನು ಊರಿ ಕೂತೆ. ಆರರಿಂದ ಏಳೂವರೆವರೆಗೆ ಸೊಳ್ಳೆ ಬಿಟ್ಟರೆ ಏನೂ ಇಲ್ಲ.

7:40ಕ್ಕೆ ನಾಲ್ಕು ಎದ್ದವು. ಆಮೇಲೆ ಹನ್ನೆರಡು. ಆಮೇಲೆ ಎಣಿಸೋಕೆ ಹತ್ತತ್ತರ ಲೆಕ್ಕ ಹಿಡಿಯಬೇಕಾಯಿತು. ಕತ್ತಲಾಗುವಷ್ಟರಲ್ಲಿ ಸುಮಾರು 180 ಮಲ್ಲಾರ್ಡ್, ಎಲ್ಲವೂ ನೈರುತ್ಯಕ್ಕೆ. ಕಾರು ಆ ಕಡೆ ತಿರುಗಿಸಿದೆ. ಎರಡು ಮೈಲಿ ಆಚೆ ಆಗಷ್ಟೇ ಕಟಾವಾದ ಗೋಧಿ ಹೊಲ. ಕೂಳೆಯ ಮೇಲೆ ಕಪ್ಪಗೆ ಹಾಸಿದ ಹಾಗೆ ಕೂತಿದ್ದವು. ಕಿಟಕಿ ಇಳಿಸಿದರೆ ಗೊಜಗೊಜ ಸದ್ದು. ಮದುವೆ ಊಟದ ಪಂಕ್ತಿ ಥರ.

ಒಂದು ಸಂಜೆ, 23 ಡಾಲರ್ ಪೆಟ್ರೋಲ್. ಮೊದಲ ಮೂರು ವಾರದ ಎಲ್ಲ ಓಡಾಟಕ್ಕಿಂತ ಜಾಸ್ತಿ ಇದೊಂದರಲ್ಲಿ ತಿಳಿಯಿತು.

ಹಂತ 6. ಆಗಸ್ಟ್ 25, ಎಲ್ಲಕ್ಕಿಂತ ದೊಡ್ಡ ತಪ್ಪು

ರಾತ್ರಿ ಅಲ್ಲೇ ಒಂದು ಮೋಟೆಲ್‌ನಲ್ಲಿ ಉಳಿದೆ, 74 ಡಾಲರ್. ಖುಷಿಯಲ್ಲಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹಕ್ಕಿಗಳು ಹೊಲದಿಂದ ವಾಪಸ್ ಬಂದಿರುತ್ತವೆ, ಹತ್ತಿರದಿಂದ ಎಣಿಸೋಣ ಅಂತ ಎಂಟಕ್ಕೆ ಒಂದನೇ ನಂಬರಿಗೆ ಕೆನೂ ಇಳಿಸಿದೆ.

ಜೊಂಡಿನ ತಿರುವು ದಾಟಿದ್ದೇ ತಡ, ಇಡೀ ಕೆರೆ ಎದ್ದಿತು. ಮೋಡ ಹರಿದ ಹಾಗೆ ಸದ್ದು. ಒಂದೆರಡು ಸುತ್ತು ಹಾಕಿ ಉತ್ತರಕ್ಕೆ ಹೋದವು.

ಅದು ಅವು ಮಲಗುವ ಮನೆ. ಮಲಗುವ ಮನೆಗೆ ನುಗ್ಗಿದರೆ ಯಾರು ವಾಪಸ್ ಬರುತ್ತಾರೆ? ಸಂಜೆ ದಿಬ್ಬದ ಮೇಲಿಂದ ಎಣಿಸಿದೆ: 31. ಹಿರಿಯರಿಗೆ ಹೇಳಿದಾಗ ಅವರು ಬೈಯಲಿಲ್ಲ. "ಎರಡು ವಾರ ಆ ಕಡೆ ತಲೆ ಹಾಕಬೇಡ" ಅಂದರು, ಅಷ್ಟೇ. ಹೇಗೂ ಆಗಸ್ಟ್ 31ರಿಂದ ಟೀಲ್ ಅನ್ನೋ ಜಾತಿಯ ಬಾತಿಗೆ ಅಂತ ಐದು ದಿನದ ಮುಂಚಿನ ಸೀಸನ್ ಇತ್ತು, ಅದಾದ ಮೇಲೆ ಮಕ್ಕಳ ಬೇಟೆಯ ವೀಕೆಂಡು. ಗುಂಡಿನ ಸದ್ದಿಗೆ ಹಕ್ಕಿ ಚದುರುತ್ತವೆ, ಆಗ ಎಣಿಸಿದ ಲೆಕ್ಕ ನಂಬೋ ಹಾಗಿರಲ್ಲ ಅಂತ ನಾನೂ ಮನೆಯಲ್ಲೇ ಇದ್ದೆ.

ಹಂತ 7. ಸೆಪ್ಟೆಂಬರ್ 8, ರೈತರ ಬಾಗಿಲು

ಗೋಧಿ ಹೊಲದಲ್ಲೇ ಕೂತರೆ ಹೇಗೆ ಅಂತ ಆಸೆ ಆಯಿತು. ಮಿನೆಸೋಟಾದಲ್ಲಿ ಹೊಲಕ್ಕೆ ಬೋರ್ಡ್ ಇಲ್ಲದಿದ್ದರೂ ಒಪ್ಪಿಗೆ ಇಲ್ಲದೆ ಕಾಲಿಡುವ ಹಾಗಿಲ್ಲ. ಭಾನುವಾರ ಮಧ್ಯಾಹ್ನ ಒಳ್ಳೆ ಅಂಗಿ ಹಾಕಿಕೊಂಡು ಹೋಗಿ ಬಾಗಿಲು ತಟ್ಟಿದೆ. ಹೊಲದ ಯಜಮಾನರು ಮಾತಾಡಿಸಿದರು, ಆದರೆ ಅಳಿಯನಿಗೆ ಮಾತು ಕೊಟ್ಟಾಗಿದೆ ಅಂದರು. ಹೋಗಲಿ ಬಿಡಿ. ಮೆಟ್ಟಿಲು ಇಳಿಯುವಾಗ ಅವರೇ ಕರೆದು ಹೇಳಿದರು, ಬೆಳಿಗ್ಗೆ ಹೊಲ ಬಿಟ್ಟ ಹಕ್ಕಿಗಳು ನೇರ ದೊಡ್ಡ ಕೆರೆಗೆ ಹೋಗಲ್ಲ, ನಡುವೆ ಸಣ್ಣ ಕೊಳದಲ್ಲಿ ನೀರು ಕುಡಿಯೋಕೆ ಇಳಿಯುತ್ತವೆ ಅಂತ. ಯಾವ ಕೊಳ? ನಕ್ಷೆ ತೆಗೆದು ತೋರಿಸಿದೆ. ಅವರು ಬೆರಳಿಟ್ಟದ್ದು ನನ್ನ ಮೂರನೇ ನಂಬರಿನ ಮೇಲೆ.

ಹಂತ 8. ಸೆಪ್ಟೆಂಬರ್ 14 ಮತ್ತು 15

ಬೆಳಿಗ್ಗೆ 5:45ಕ್ಕೇ ಮೂರನೇ ನಂಬರ್ ಎದುರಿನ ದಿಬ್ಬದಲ್ಲಿದ್ದೆ. ಶನಿವಾರ 42 ಮಲ್ಲಾರ್ಡ್, 25 ನೀಲಿ ರೆಕ್ಕೆಯ ಟೀಲ್. ಭಾನುವಾರ 38 ಮಲ್ಲಾರ್ಡ್, ಟೀಲ್ 9. ಟೀಲ್‌ಗಳು ದಕ್ಷಿಣಕ್ಕೆ ಹೊರಟಿದ್ದವು, ಅವು ಯಾವಾಗಲೂ ಎಲ್ಲರಿಗಿಂತ ಮುಂಚೆ ಹೋಗುವ ಜಾತಿ. ಅದೇ ಡಬ್ಲ್ಯೂಪಿಎ ಒಳಗೆ, ಅದೇ ಪಾರ್ಕಿಂಗ್‌ನಿಂದ ಎಡಕ್ಕೆ ಹೋದರೆ ನಾಲ್ಕನೇ ನಂಬರ್. ಹೊಡೆದುಹಾಕಿದ್ದೆನಲ್ಲ, ಅದೇ. ಅದರ ದಂಡೆಯಲ್ಲಿ ಓಕ್ ಮರಗಳಿವೆ. ಅಲ್ಲಿ ವುಡ್ ಡಕ್ ಅನ್ನೋ ಜಾತಿಯ ಬಾತು 14. ಕೀಂ ಕೀಂ ಅಂತ ಕೂಗುತ್ತಾ ಮರದ ಸಂದಿನಲ್ಲಿ ತೂರಿ ಬರುತ್ತಿದ್ದವು.

ಎರಡು ತಪ್ಪು ಇಲ್ಲಿ ಹೊರಬಿದ್ದವು. ಒಂದು, ನೀರು. ಆಗಸ್ಟ್‌ನಲ್ಲಿ 22 ಇಂಚು ಅಳೆದದ್ದು ಈಗ 13. ಸೆಪ್ಟೆಂಬರ್ ಪೂರ್ತಿ ಹೆಸರಿಗೂ ಮಳೆ ಬಂದಿರಲಿಲ್ಲ. ಕೆನೂ ತಳ ಕೆಸರಿಗೆ ತಾಗಿ ನಿಲ್ಲುತ್ತಿತ್ತು. ತಿಂಗಳ ಹಿಂದಿನ ಅಳತೆ ನೆಚ್ಚಿಕೊಂಡು ದಾರಿ ಗುರುತು ಮಾಡಿದ್ದು ದಂಡ. ಹೊಸದಾಗಿ ಕೋಲು ಹಾಕಿಕೊಂಡು ಪೂರ್ವದ ಅಂಚಿನಿಂದ ಬೇರೆ ದಾರಿ ಮಾಡಿದೆ, 40 ಗಜ ಸುತ್ತು.

ಎರಡು, ಸೂರ್ಯ. ನಾನು ಆರಿಸಿದ್ದ ಜೊಂಡಿನ ಮರೆ ಕೊಳದ ಪಶ್ಚಿಮ ದಂಡೆಯಲ್ಲಿ, ಮುಖ ಪೂರ್ವಕ್ಕೆ. ಸೀಸನ್ ಶುರುವಾಗೋದು ಹಗಲು ರಾತ್ರಿ ಸಮ ಆಗೋ ಹೊತ್ತಿಗೆ, ಸೂರ್ಯ ಸರಿಯಾಗಿ ಪೂರ್ವಕ್ಕೇ ಏಳುತ್ತಾನೆ. ಭಾನುವಾರ ಏಳೂಕಾಲಿಗೆ ಆ ಮರೆಯಲ್ಲಿ ಕೂತು ನೋಡಿದೆ. ಬೆಳಕು ಕಣ್ಣಿಗೆ ಚುಚ್ಚಿ ಬಾತು ಇರಲಿ, ಎದುರಿನ ದಂಡೆಯೇ ಕಾಣಲಿಲ್ಲ. ಮರೆಯನ್ನು ಆಗ್ನೇಯದ ಮೂಲೆಗೆ ಬದಲಾಯಿಸಿದೆ. ಸೂರ್ಯ ಬೆನ್ನಿಗೆ. ವಾಯುವ್ಯದಿಂದ ಗಾಳಿ ಬಂದರೆ ಹಕ್ಕಿ ಗಾಳಿಗೆ ಎದುರಾಗಿ ಇಳಿಯುವಾಗ ನನ್ನ ತಲೆ ಮೇಲಿಂದಲೇ ಬರಬೇಕು.

ಪಾರ್ಕಿಂಗ್‌ನಲ್ಲಿ ನನ್ನದು ಬಿಟ್ಟು ಇನ್ನೂ ಎರಡು ಟ್ರಕ್ ಇದ್ದವು. ಒಬ್ಬರ ಕೊರಳಲ್ಲೂ ದುರ್ಬೀನು. ಇಬ್ಬರೂ ತಲೆ ಆಡಿಸಿದೆವು, ಹಕ್ಕಿ ಮಾತು ಮಾತ್ರ ಎತ್ತಲಿಲ್ಲ.

ಹಂತ 9. ಸೆಪ್ಟೆಂಬರ್ 19, ಕತ್ತಲ ರಿಹರ್ಸಲ್

ಆಫೀಸಿಗೆ ರಜೆ ಹಾಕಿದೆ. ಬೆಳಿಗ್ಗೆ 4:30ಕ್ಕೆ ಪಾರ್ಕಿಂಗ್. ಕೆಂಪು ಬೆಳಕಿನ ಹೆಡ್‌ಲ್ಯಾಂಪ್, ಬೆನ್ನಿಗೆ ಹಕ್ಕಿಗಳನ್ನು ಸೆಳೆಯೋಕೆ ನೀರಿನಲ್ಲಿ ತೇಲಿಬಿಡುವ ಒಂದು ಡಜನ್ ಪ್ಲಾಸ್ಟಿಕ್ ಬಾತು, ಹಿಂದೆ ಕೆನೂ. ಮರೆ ಮುಟ್ಟಲು 47 ನಿಮಿಷ. ನಾನು ಅಂದುಕೊಂಡಿದ್ದು 25. ಬೆಳಗಿನ ಹಕ್ಕಿ ಬರುವ ಮುಂಚೆ, ಐದೂವರೆಗೆ ಜಾಗ ಖಾಲಿ ಮಾಡಿದೆ. ಕೆನೂ ಕಾರಿಗೆ ಏರಿಸುವ ಮುಂಚೆ ನೀರೆಲ್ಲ ಬಸಿದು, ಅಂಟಿದ ಜೊಂಡು ಕಿತ್ತು ಹಾಕಬೇಕು, ಒಂದು ಕೆರೆಯ ಕಳೆ ಇನ್ನೊಂದಕ್ಕೆ ಹೋಗಬಾರದು ಅಂತ ಇಲ್ಲಿ ಕಾನೂನು. ಅದನ್ನೆಲ್ಲ ಮಾಡಿದೆ.

ಮನೆಗೆ ಬಂದ ಮೇಲೆ ನೋಡಿದರೆ ಕೋಲು ಇಲ್ಲ. ಮರೆಯ ಪಕ್ಕ ಕೆಸರಿಗೆ ಚುಚ್ಚಿ ಅಲ್ಲೇ ಮರೆತು ಬಂದಿದ್ದೆ.

ಇಲ್ಲಿಯವರೆಗಿನ ಖರ್ಚು: ಲೈಸೆನ್ಸು, ಸ್ಟಾಂಪು 54.50, ಪೆಟ್ರೋಲ್ ಆರು ಸುತ್ತಿಗೆ 158, ಮೋಟೆಲ್ 74, ವೇಡರ್ಸ್ ಮತ್ತು ಅಂಟು 49, ಎರಡು ಕೋಲಿಗೆ 21. ಒಟ್ಟು 356.50 ಡಾಲರ್. ಬಂದೂಕು, ತೋಟಾ, ಪ್ಲಾಸ್ಟಿಕ್ ಬಾತುಗಳ ಲೆಕ್ಕ ಬೇರೆ, ಅದನ್ನು ಇಲ್ಲಿ ಬರೆದರೆ ಮನೆಯಲ್ಲಿ ಓದುತ್ತಾರೆ.

ಸೆಪ್ಟೆಂಬರ್ 21

3:50ಕ್ಕೆ ಪಾರ್ಕಿಂಗ್‌ನಲ್ಲಿದ್ದೆ. ಆಗಲೇ ಒಂದು ಟ್ರಕ್ ನಿಂತಿತ್ತು. ಇಂಜಿನ್ ಇನ್ನೂ ಬಿಸಿ, ಬಾನೆಟ್ ಟಿಕ್ ಟಿಕ್ ಅನ್ನುತ್ತಿತ್ತು. ದೂರದಲ್ಲಿ ಒಂದು ಕೆಂಪು ಬೆಳಕು ಮೂರನೇ ನಂಬರಿನ ಆಗ್ನೇಯ ಮೂಲೆ ಕಡೆ ಹೋಗುತ್ತಿತ್ತು. ಸರ್ಕಾರಿ ಜಾಗ, ಮೊದಲು ಬಂದವರದು. ಎಡಕ್ಕೆ ತಿರುಗಿ ನಾಲ್ಕನೇ ನಂಬರಿಗೆ ಹೋದೆ.

ಸೂರ್ಯ ಏಳುವ ಅರ್ಧ ಗಂಟೆ ಮುಂಚೆ ಬೇಟೆ ಶುರು. ವುಡ್ ಡಕ್ ಒಂದು ಸಿಕ್ಕಿತು, ನಾಲ್ಕು ತೋಟಾ ಗಾಳಿಗೆ ಹೋದವು. ಮೂರನೇ ನಂಬರ್ ಕಡೆಯಿಂದ ಏಳು ಸದ್ದು ಕೇಳಿಸಿದವು. ಎಣಿಸಬಾರದು ಅಂದುಕೊಂಡೇ ಎಣಿಸಿದೆ.

ಹತ್ತೂವರೆಗೆ ಪಾರ್ಕಿಂಗ್‌ಗೆ ಬಂದಾಗ ಆ ಟ್ರಕ್ ಹೋಗಿಯಾಗಿತ್ತು. ನನ್ನ ಕಾರಿನ ಹಿಂಬಾಗಿಲಿಗೆ ಕೋಲು ಒರಗಿಸಿ ಇಟ್ಟಿತ್ತು, ಕೆಸರು ಪೂರ್ತಿ ತೊಳೆದು. ಸಡಿಲವಾಗಿದ್ದ ಬಿಲ್ಲೆಯ ನಟ್ಟನ್ನೂ ಯಾರೋ ಬಿಗಿ ಮಾಡಿದ್ದರು.